ತೊಳೆದುಕೊಂಡು ಬಂದವರು

ಕೊಳಕಾಗಿ ಬನ್ನಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸಿನಿಮಾ ಕಂಪನಿಯವನು ಹಿಂದಿನ ದಿನ ನದಿಯ ಪಕ್ಕದ ಬಿಡಾರಕ್ಕೆ ಬಂದು, ನಿಜವಾದ ಮನೆಯಿಲ್ಲದವರು ಬೇಕು, ಒಂದು ದಿನದ ಕೂಲಿ ಕೊಡುತ್ತೇವೆ, ಮಧ್ಯಾಹ್ನಕ್ಕೆ ಊಟದ ಡಬ್ಬಿ ಕೊಡುತ್ತೇವೆ, ನೀವು ಇರುವ ಹಾಗೇ ಬನ್ನಿ ಎಂದು ಹೇಳಿ ಹೋಗಿದ್ದ. ಅವರು ಇರುವ ಹಾಗೇ ಬಂದರು. ಅಂದರೆ ತೊಳೆದುಕೊಂಡು ಬಂದರು.

ಲಾಸ್ ಏಂಜಲಿಸಿನ ರೈಲು ಸೇತುವೆಯ ಕೆಳಗಿನ ಆ ಬಿಡಾರದಲ್ಲಿ ಗೂಡ್ಸ್ ಗಾಡಿಯಿಂದ ಇಳಿದವನು ಮೊದಲು ಹೋಗುವುದು ನೀರಿನ ಹತ್ತಿರ. ಆಮೇಲೆ ಮಾತು, ಆಮೇಲೆ ಊಟ. ಅಲ್ಲಿನ ಮರಕ್ಕೆ ಒಂದು ಒಡೆದ ಕನ್ನಡಿಯನ್ನು ಮೊಳೆ ಹೊಡೆದು ಸಿಕ್ಕಿಸಿದ್ದರು, ಅದರ ಕೆಳಗೆ ಒಂದು ಕ್ಷೌರದ ಕತ್ತಿ. ಕತ್ತಿ ಯಾರದ್ದೂ ಅಲ್ಲ, ಎಲ್ಲರದ್ದು. ಹಂದಿಕೊಬ್ಬು ತುಂಬಿ ಬರುವ ದೊಡ್ಡ ಖಾಲಿ ಡಬ್ಬಗಳಲ್ಲಿ ಬಟ್ಟೆ ಕುದಿಸುತ್ತಿದ್ದರು, ಹೇನು ಸಾಯಲಿ ಎಂದು. ಇದು ಶೋಕಿಯಲ್ಲ, ಹೊಟ್ಟೆಪಾಡು. ಮನೆಯಿದ್ದವನು ಕೊಳಕಾಗಿದ್ದರೆ ದುಡಿದು ಬಂದವನು ಅನ್ನುತ್ತಾರೆ. ಮನೆಯಿಲ್ಲದವನು ಕೊಳಕಾಗಿದ್ದರೆ ಕಳ್ಳ ಅನ್ನುತ್ತಾರೆ. ಅಂಥವನನ್ನು ಪೊಲೀಸರು ಹಿಡಿದು ರಸ್ತೆಗೆ ಕಲ್ಲು ಒಡೆಯಲು ಹಾಕುತ್ತಿದ್ದರು. ಹಿತ್ತಿಲ ಬಾಗಿಲಲ್ಲಿ ನಿಂತು ಸೌದೆ ಒಡೆಯಲೇ ಅಮ್ಮ ಎಂದು ಕೇಳುವುದಕ್ಕೂ ಕಾಲರ್ ಬೆಳ್ಳಗಿರಬೇಕಿತ್ತು.

ಹಾಗಾಗಿ ಸಿನಿಮಾಕ್ಕೆ ಕರೆ ಬಂದ ದಿನ ಡೆಲ್ಫಾ ಇಡೀ ಬಿಡಾರದ ಬಟ್ಟೆಯನ್ನು ಒಟ್ಟುಮಾಡಿಕೊಂಡು ಒಗೆಯಲು ಕೂತಳು. ಅವಳು ಕ್ಯಾನ್ಸಸ್ ಸಿಟಿಯಲ್ಲಿ ಲಾಂಡ್ರಿ ಕೆಲಸದವಳಾಗಿದ್ದವಳು. ಬ್ಯಾಂಕು ಮುಳುಗಿ, ಬ್ಯಾಂಕಿನ ಹಿಂದೆ ಲಾಂಡ್ರಿಯೂ ಮುಳುಗಿದ ಮೇಲೆ ಗಂಡ ಓರಿನ್ ಜೊತೆ ಗೂಡ್ಸ್ ಗಾಡಿ ಹತ್ತಿದ್ದಳು. ಈಗ ಗಂಡನೂ ಇಲ್ಲ. ಸೋಡಾಖಾರ ತಿಂದ ಅವಳ ಬೆರಳುಗಳಲ್ಲಿ ಉಗುರು ನೆಟ್ಟಗೆ ಬೆಳೆಯುತ್ತಿರಲಿಲ್ಲ. ಆ ಬೆರಳಿನಲ್ಲೇ ನಲವತ್ತು ಜನರ ಅಂಗಿ ತಿಕ್ಕಿದಳು, ಹರಿದದ್ದಕ್ಕೆ ತೇಪೆ ಹಾಕಿದಳು. ಮುದುಕ ಎಸ್ಕಿಲ್, ಸ್ವೀಡನ್ನಿನಿಂದ ಬಂದು ಕಾಡಿನಲ್ಲಿ ಮರ ಕಡಿದು ಮುದುಕನಾದವನು, ಎದೆಯವರೆಗೆ ಇಳಿದಿದ್ದ ತನ್ನ ಬಿಳಿ ಗಡ್ಡವನ್ನು ಕನ್ನಡಿಯ ಮುಂದೆ ನಿಂತು ಬೋಳಿಸಿಬಿಟ್ಟ. ಸಿನಿಮಾ ಅಂದರೆ ಊರೆಲ್ಲ ನೋಡುತ್ತದೆ, ಹೇಗೆ ಹೇಗೋ ಹೋಗಲಾಗುತ್ತದೆಯೇ ಎಂದ. ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ.

ಮರುದಿನ ಸಿನಿಮಾ ಕಂಪನಿಯ ಅಂಗಳದಲ್ಲಿ ಲಾರಿಯಿಂದ ಇಳಿದವರನ್ನು ನೋಡಿ ನಿರ್ದೇಶಕ ಲೂಮಿಸ್ ಬಾಯಿಂದ ಸಿಗಾರ್ ತೆಗೆದ.

“ಚರ್ಚಿಗೆ ಹೊರಟೋರನ್ನ ಯಾಕ್ರೀ ತುಂಬ್ಕೊಂಡು ಬಂದ್ರಿ? ನಾನು ಕೇಳಿದ್ದು ಅಲೆಮಾರಿಗಳನ್ನ.”

“ಅವರು ನಾವೇ ಸರ್,” ಎಂದ ಎಸ್ಕಿಲ್. ಬೋಳಿಸಿದ ಗಲ್ಲ ಮುಟ್ಟಿಕೊಂಡು ತುಸು ಹೆಮ್ಮೆಯಿಂದಲೇ ಅಂದ.

ಲೂಮಿಸ್ ಅವನ ಸುತ್ತ ಒಂದು ಸುತ್ತು ಬಂದ. ಕಾಲರ್ ಎತ್ತಿ ನೋಡಿದ. ನಿನಗೆ ಸ್ನಾನ ಮಾಡು ಅಂತ ಯಾರು ಹೇಳಿದ್ದು ಎಂದು ಕೇಳಿದ. ಮಗುವನ್ನು ಗದರಿಸುವ ಹಾಗೆ ಕೇಳಿದ. ನಲವತ್ತು ಜನ ಬಿಸಿಲಲ್ಲಿ ಬೆಪ್ಪಾಗಿ ನಿಂತರು. ಒಗೆದವಳು ತಾನು, ತಪ್ಪೆಲ್ಲ ತನ್ನದೇ ಎಂದು ಡೆಲ್ಫಾಳಿಗೆ ನಾಚಿಕೆಯಾಯಿತು. ಆ ನಾಚಿಕೆ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆಮೇಲೆ ಅವರನ್ನು ಸಾಲಾಗಿ ನಿಲ್ಲಿಸಿ ಕೊಳಕು ಮಾಡಿದರು. ಅದಕ್ಕೆಂದೇ ಚೀಲಗಳಲ್ಲಿ ಜರಡಿ ಹಿಡಿದ ನುಣ್ಣನೆಯ ಮಣ್ಣಿತ್ತು. ಒಬ್ಬ ತಿದಿಯಲ್ಲಿ ಅದನ್ನು ಮುಖಕ್ಕೆ ಊದುತ್ತ ಹೋದ. ಇನ್ನೊಬ್ಬ ಎಣ್ಣೆ ಕಲಸಿದ ಮಸಿಯನ್ನು ಕುತ್ತಿಗೆಗೆ, ಕಿವಿಯ ಹಿಂದಕ್ಕೆ ಬಳಿದ. ಬಿಳಿ ಕೋಟಿನ ಹುಡುಗಿಯೊಬ್ಬಳು ಡೆಲ್ಫಾಳ ಅಂಗಿಯ ತೋಳು ಹಿಡಿದು, ಅವಳು ಹೊಲಿದಿದ್ದ ತೇಪೆಯನ್ನು ಕತ್ತರಿಯಿಂದ ಬಿಚ್ಚಿ, ಅದೇ ಜಾಗಕ್ಕೆ ಅಂಗೈ ಅಗಲದ ಚೌಕುಳಿ ಬಟ್ಟೆ ಹಚ್ಚಿದಳು. ತೇಪೆ ದೂರಕ್ಕೆ ಕಾಣಬೇಕಂತೆ. ಎಸ್ಕಿಲ್‌ಗೆ ಒಂದು ಬಿಳಿ ಗಡ್ಡ ಅಂಟಿಸಿದರು. ಅವನು ಬೋಳಿಸಿದ್ದರ ಅರ್ಧದಷ್ಟೂ ಚೆನ್ನಾಗಿರಲಿಲ್ಲ. ಅಂಟು ಉರಿಯುತ್ತದೆ ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

“ನಂದೇ ಇತ್ತಲ್ಲ ಡೆಲ್ಫಾ,” ಎಂದ ಪಕ್ಕಕ್ಕೆ ತಿರುಗಿ, “ನಿನ್ನೆವರೆಗೂ ನಂದೇ ಇತ್ತು.”

ನಗು ಬಂತು. ಎಲ್ಲರೂ ನಕ್ಕರು. ಅವತ್ತು ಅವರು ತಮಗಾಗಿ ನಕ್ಕದ್ದು ಅದೊಂದೇ.

ರೈಲು ನಿಲ್ದಾಣದಷ್ಟು ದೊಡ್ಡ ಶೆಡ್ಡಿನೊಳಗೆ ಅವರ ಬಿಡಾರವನ್ನೇ ಕಟ್ಟಿದ್ದರು. ಗಾರೆಯ ಮರಗಳು, ಪರದೆಯ ಮೇಲೆ ಬರೆದ ಮುಗಿಲು. ಗುಡಿಸಲ ಗೋಡೆಯ ತೂತುಗಳನ್ನು ಕೂಡ ಗರಗಸದಲ್ಲಿ ನೀಟಾಗಿ ಕೊರೆದಿದ್ದರು. ಸೂರು ಮಾತ್ರ ಗಟ್ಟಿ. ಕ್ಲೆಲ್ ಎಂಬ ಬಡಗಿಯ ಹೆಂಡತಿ ಐವಲೀ ಆ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದಳು. ಇದನ್ನೇ ನಮಗೆ ಕೊಟ್ಟರೆ ಮಕ್ಕಳನ್ನು ತಂದು ಮಲಗಿಸಬಹುದಿತ್ತು ಎಂದಳು. ಅವಳ ಇಬ್ಬರು ಮಕ್ಕಳು ಆಗ ಸೇತುವೆಯ ಕೆಳಗೆ, ತಗಡಿನ ಚೂರು ಹೊದಿಸಿದ ಗುಂಡಿಯಲ್ಲಿ ಕೂತು ಅಪ್ಪ ಅಮ್ಮ ತರುವ ಊಟದ ಡಬ್ಬಿಗೆ ಕಾಯುತ್ತಿದ್ದರು.

ಹೀರೋ ಬಂದ. ಫ್ಯಾರೊ ಎಂದು ಹೆಸರು. ದರ್ಜಿಗೆ ಅಳತೆ ಕೊಟ್ಟು ಹರಿಸಿಕೊಂಡ ಕೋಟು, ತೂತು ಬಿದ್ದ ಟೋಪಿ, ಸಾಲು ಮುತ್ತಿನಂಥ ಹಲ್ಲು. ಬ್ಯಾಂಡು ಶುರುವಾಯಿತು. ಅವನು ಗಾರೆಯ ಮರಕ್ಕೆ ಒರಗಿ ಹಾಡಿದ:

ಬಾಡಿಗೆಯಿಲ್ಲ ಬೀಗವಿಲ್ಲ, ಬಾನೇ ನಮ್ಮ ಸೂರು,
ಬಂಗಲೆಯೊಳಗಿನ ದೊರೆಗೂ ಇಲ್ಲ ನಮ್ಮ ಸುಖದ ಚೂರು.

ಹಿಂದೆ ಕೂತವರು ತೂಗಬೇಕು, ಕೊನೆಗೆ ಹೋಯ್ ಅನ್ನಬೇಕು. ತೂಗಿದರು, ಹೋಯ್ ಅಂದರು. ಸುಳ್ಳು ಯಾಕೆ ಹೇಳಲಿ, ಧಾಟಿ ಚೆನ್ನಾಗಿತ್ತು, ಕ್ಲೆಲ್‌ನ ಕಾಲು ತಾಳ ಹಾಕುತ್ತಿತ್ತು. ಬಿಡಾರದಲ್ಲೂ ಹಾಡುತ್ತಾರೆ. ಆದರೆ ಮನೆ ಬೇಡ ಎಂದು ಹಾಡಿದವರು ಯಾರೂ ಇರಲಿಲ್ಲ. ಆ ಹಾಡು ಬರೆದವನು ಒಂದು ದಿನ ನೆಲದ ಮೇಲೆ ಮಲಗಿದ್ದರೆ ಅವನ ಸೊಂಟವೇ ಅವನಿಗೆ ಬೇರೆ ಹಾಡು ಹೇಳಿಕೊಡುತ್ತಿತ್ತು.

ಹಾಡು ಮುಗಿದ ಮೇಲೆ ಪಾತ್ರೆ ತಂದರು.

ದೊಡ್ಡ ಕಬ್ಬಿಣದ ಪಾತ್ರೆ. ಕಂಪನಿಯ ಅಡುಗೆಮನೆಯಿಂದ ನಾಲ್ಕು ಜನ ಹೊತ್ತು ತಂದು ಬಿಡಾರದ ನಡುವೆ ಇಟ್ಟರು. ಕೆಳಗಿನ ಬೆಂಕಿ ಸುಳ್ಳು. ಬಲ್ಬಿನ ಮೇಲೆ ರೇಷ್ಮೆ ಪಟ್ಟಿಗಳು ಗಾಳಿಗೆ ಅಲ್ಲಾಡುತ್ತಿದ್ದವು. ಒಳಗಿನ ಸಾರು ನಿಜ. ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ಗಜ್ಜರಿ. ಕ್ಯಾಮರಾಕ್ಕೆ ಹಬೆ ಕಾಣಬೇಕಲ್ಲ. ಆ ವಾಸನೆಗೆ ನಲವತ್ತು ಗಂಟಲು ಒಟ್ಟಿಗೆ ಉಗುಳು ನುಂಗಿದವು. ಹಿಂದಿನ ಮಧ್ಯಾಹ್ನದಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಹೇಗೂ ಡಬ್ಬಿ ಸಿಗುತ್ತದೆ ಎಂದು ಇದ್ದಬದ್ದ ಬ್ರೆಡ್ಡನ್ನು ಮಕ್ಕಳಿಗೆ ಬಿಟ್ಟು ಬಂದಿದ್ದರು.

ಆಗ ಒಬ್ಬ ಬಂದು, ನೊಣಕ್ಕೆ ಔಷಧಿ ಹೊಡೆಯುವ ಪಂಪು ಹಿಡಿದು, ಸಾರಿನ ಮೇಲೆಲ್ಲ ಸೀಮೆಎಣ್ಣೆ ಹೊಡೆದ.

ಇದು ಯಾಕೆ ಎಂದು ಐವಲೀ ಕೇಳಿದಳು. ನಿನ್ನೆ ಬಂದಿದ್ದ ಗುಂಪು ಚಿತ್ರ ತೆಗೆಯುವ ಮೊದಲೇ ಅರ್ಧ ಪಾತ್ರೆ ಖಾಲಿ ಮಾಡಿತ್ತು, ಅದಕ್ಕೆ ಎಂದು ಅವನು ಬೇಸರವಿಲ್ಲದೆ ಹೇಳಿದ. ಸೊಳ್ಳೆಗೆ ಹೊಡೆದಷ್ಟೇ ಸಲೀಸಾಗಿ ಮಾಂಸಕ್ಕೆ ಹೊಡೆದು ಹೋದ.

ಬಿಡಾರದಲ್ಲೂ ಒಂದು ಪಾತ್ರೆ ಇದೆ. ಬಂದವರೆಲ್ಲ ಅದಕ್ಕೆ ಏನಾದರೂ ಹಾಕುತ್ತಾರೆ. ಒಂದು ಈರುಳ್ಳಿ, ಕಟುಕನ ಅಂಗಡಿಯಲ್ಲಿ ಬೇಡಿ ತಂದ ಒಂದು ಮೂಳೆ. ಏನೂ ಇಲ್ಲದವನು ನಾಲ್ಕು ಸೌದೆ ಆರಿಸಿ ತರುತ್ತಾನೆ. ನೀನೆಷ್ಟು ಹಾಕಿದೆ ಎಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಒಂದೇ ಸೌಟು. ಆ ಪಾತ್ರೆಗೆ ಕೆಡುಕು ಮಾಡಿದವನಿಗೆ ದೇಶದ ಯಾವ ಬಿಡಾರದಲ್ಲೂ ಜಾಗವಿಲ್ಲ. ಕುಡುಕ ಕೂಡ ಅದರಿಂದ ದೂರ ಹೋಗಿ ವಾಂತಿ ಮಾಡುತ್ತಾನೆ.

ಲೂಮಿಸ್ ಸ್ಟೂಲಿನ ಮೇಲೆ ನಿಂತು ತಮಾಷೆ ಏನೆಂದು ವಿವರಿಸಿದ. ಅಲೆಮಾರಿಗಳು ಊಟಕ್ಕೆ ಕೂತಿರುತ್ತಾರೆ. ಪೊಲೀಸರು ನುಗ್ಗುತ್ತಾರೆ. ಒಬ್ಬ ಪೊಲೀಸ್ ಪಾತ್ರೆಯನ್ನು ಒದೆಯುತ್ತಾನೆ. ಸಾರೆಲ್ಲ ಪಕ್ಕದಲ್ಲಿ ಕೂತ ಹೆಂಗಸಿನ ಮಡಿಲಿಗೆ. ಅವಳು ಕಣ್ಣರಳಿಸುತ್ತಾಳೆ, ಆಮೇಲೆ ಗಹಗಹಿಸಿ ನಗುತ್ತಾಳೆ. ಎಲ್ಲರೂ ನಗುತ್ತಾರೆ. ಫ್ಯಾರೊ ಅವಳ ಮಡಿಲಿಂದ ಒಂದು ಗಜ್ಜರಿ ಎತ್ತಿ ಕುಣಿಯುತ್ತ ಹೋಗುತ್ತಾನೆ. ಇಷ್ಟೇ, ಸುಲಭ ಎಂದ. ಸಾಲಿನಲ್ಲಿ ಮುಖ ನೋಡುತ್ತ ಬಂದು ಡೆಲ್ಫಾಳ ಮುಂದೆ ನಿಂತ. ನಿನ್ನದು ದುಂಡು ಮುಖ, ನಗುಮುಖ, ನೀನೇ ಕೂತುಕೋ ಎಂದ.

ಡೆಲ್ಫಾ ಕೂರಲಿಲ್ಲ.

ಆ ವರ್ಷದ ವಸಂತದಲ್ಲಿ, ಮರುಭೂಮಿಯ ಅಂಚಿನ ಒಂದು ಸರಕು ಯಾರ್ಡಿನ ಬಳಿ, ಅವರೆಲ್ಲ ಹೀಗೇ ಪಾತ್ರೆಯ ಸುತ್ತ ಕೂತಿದ್ದರು. ನಡು ಮಧ್ಯಾಹ್ನ. ಸಾರು ಕೊತಕೊತ ಕುದಿಯುತ್ತಿತ್ತು. ರೈಲಿನ ಕಾವಲುಗಾರರು ದೊಣ್ಣೆ ಹಿಡಿದು ಬಂದರು. ಒಬ್ಬ ಬೂಟುಗಾಲಲ್ಲಿ ಪಾತ್ರೆ ಒದ್ದ. ಅದು ಓರಿನ್‌ನ ಮೇಲೆ ಮಗುಚಿತು, ತೊಡೆಯಿಂದ ಪಾದದವರೆಗೆ. ಓರಿನ್ ಮೊದಲು ಕಿರುಚಲಿಲ್ಲ. ಅಯ್ಯೋ, ಎಲ್ಲರ ಊಟ ಹೋಯ್ತಲ್ಲ ಎಂದ. ಆಮೇಲೆ ಕಿರುಚಿದ. ಒದ್ದವನು ನಕ್ಕ, ಅವನ ಜೊತೆಯವರೂ ನಕ್ಕರು. ಎಸ್ಕಿಲ್ ಮತ್ತು ಕ್ಲೆಲ್ ಓರಿನ್‌ನನ್ನು ಒಂದು ಹಲಗೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ಹೊತ್ತರು. ಈ ಸೀಮೆಯಲ್ಲಿ ವಾಸವಾಗಿ ಒಂದು ವರ್ಷವಾಗಿದೆಯೇ ಎಂದು ಅಲ್ಲಿ ಕೇಳಿದರು. ಆಗಿರಲಿಲ್ಲ, ಹಾಗಾಗಿ ಸೇರಿಸಿಕೊಳ್ಳಲಿಲ್ಲ. ಹಲಗೆ ತಿರುಗಿಸಿಕೊಂಡು ಬಂದರು. ಪ್ಯಾಂಟು ಚರ್ಮಕ್ಕೆ ಅಂಟಿತ್ತು, ಡೆಲ್ಫಾ ಅದನ್ನು ನೆನೆಸಿ ನೆನೆಸಿ ಬಿಡಿಸಿದಳು. ಮೂರನೆಯ ದಿನ ನಿಂತ ಗೂಡ್ಸ್ ಡಬ್ಬಿಯೊಂದರಲ್ಲಿ, ಅವಳ ಮಡಿಲಲ್ಲಿ ಸತ್ತ.

ಈಗ ಅದೇ ಮಡಿಲಿಗೆ ಸಾರು ಚೆಲ್ಲಿ ನಗು ಅನ್ನುತ್ತಿದ್ದರು.

ಅವಳು ಲೂಮಿಸ್‌ನ ಹತ್ತಿರ ಹೋದಳು. ತಗ್ಗಿದ ದನಿಯಲ್ಲೇ ಕೇಳಿದಳು.

“ಇದೊಂದು ಬೇಡ ಸರ್. ಕುಣಿ ಅಂದ್ರೆ ಕುಣೀತೀನಿ. ಮಣ್ಣಲ್ಲಿ ಹೊರಳು ಅಂದ್ರೆ ಹೊರಳ್ತೀನಿ. ಪಾತ್ರೆ ಒದ್ದಾಗ ನಗೋಕೆ ನನ್ ಕೈಲಾಗಲ್ಲ. ನನ್ ಗಂಡ ಸತ್ತಿದ್ದು ಹಂಗೇನೇ.”

ಲೂಮಿಸ್ ಪಾತ್ರೆಯಲ್ಲಿ ಬೆರಳದ್ದಿ ತೋರಿಸಿದ.

“ಪಾಪ. ಆದ್ರೆ ಇದು ಬರೀ ಬೆಚ್ಚಗಿದೆ ನೋಡು. ಸುಡಲ್ಲ.”

ಅವನಿಗೆ ಅರ್ಥವಾಗಲಿಲ್ಲ ಎಂದಲ್ಲ. ಅರ್ಥಮಾಡಿಕೊಳ್ಳುವುದಕ್ಕೆ ಅವನಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಬಾಗಿಲ ಬಳಿ ಪೇರಿಸಿಟ್ಟಿದ್ದ ಊಟದ ಡಬ್ಬಿಗಳನ್ನು ತೋರಿಸಿ, ಈ ದೃಶ್ಯ ಆದರೆ ಡಬ್ಬಿ, ಕೂಲಿ ಎರಡೂ ಸಿಗುತ್ತವೆ, ಆಗದಿದ್ದರೆ ಲಾರಿ ಎಲ್ಲರನ್ನೂ ಬಂದ ಹಾಗೇ ವಾಪಸು ಬಿಡುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಒಬ್ಬಳ ಮೇಲೆ ನಲವತ್ತು ಜನರನ್ನು ಎತ್ತಿಕಟ್ಟುವುದು ಅವನಿಗೆ ಅಷ್ಟು ಸಲೀಸು.

ಕ್ಲೆಲ್ ಅವಳನ್ನು ಗಾರೆಮರದ ಮರೆಗೆ ಕರೆದ. ಮೊದಲು ಬೇಡಿಕೊಂಡ. ಒಂದು ಗಳಿಗೆ ಅಕ್ಕ, ಕಣ್ಣು ಮುಚ್ಚಿಕೊಂಡು ನಕ್ಕುಬಿಡು, ಇವರ ಸಿನಿಮಾ ಇವರ ಪಾಡು ಎಂದ. ಅವಳು ತಲೆ ಅಲ್ಲಾಡಿಸಿದಳು. ಅವನಿಗೆ ಸಿಟ್ಟು ಬಂತು.

“ಓರಿನ್‌ನ ನಾನೂ ಹೊತ್ತಿದೀನಿ ಡೆಲ್ಫಕ್ಕ, ಇದೇ ಹೆಗಲ ಮೇಲೆ. ಅವನು ಹೋದ. ನನ್ ಮಕ್ಕಳು ಇನ್ನೂ ಹೋಗಿಲ್ಲ.”

ಅವಳಿಗೆ ಅವನ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಅವನು ಹೇಳಿದ್ದು ಸರಿ ಎಂದು ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಹೋಗಿ ಪಾತ್ರೆಯ ಪಕ್ಕ ಕೂತಳು.

ದೀಪಗಳು ಹತ್ತಿದವು. ಪೊಲೀಸ್ ವೇಷದವರು ನುಗ್ಗಿದರು. ಬೂಟು ಪಾತ್ರೆಗೆ ಬಡಿಯಿತು. ಅದೇ ಸದ್ದು. ಮಡಿಲು ಬೆಚ್ಚಗೆ ನೆನೆಯಿತು, ಲಂಗ ತೊಡೆಗೆ ಅಂಟಿತು, ಸೀಮೆಎಣ್ಣೆ ಮೂಗಿಗೆ ಅಡರಿತು. ಸುತ್ತ ನಗು ಎದ್ದಿತು. ಹಸಿದವರ ನಗು, ಕೂಲಿಯ ನಗು. ಎಲ್ಲರಿಗಿಂತ ಜೋರಾಗಿ ಕ್ಲೆಲ್ ನಗುತ್ತಿದ್ದ. ಡೆಲ್ಫಾ ಬಾಯಿ ತೆರೆದಳು. ಮಕ್ಕಳಿಗಾಗಿ ತೆರೆದಳು. ಏನೂ ಬರಲಿಲ್ಲ. ಬಿಸಿಲಿಗೆ ಬಾಯಿ ಬಿಟ್ಟ ಕೋಳಿಯ ಹಾಗೆ ಸುಮ್ಮನೆ ಬಾಯಿ ತೆರೆದು ಕೂತಳು.

ಲೂಮಿಸ್ ನಿಲ್ಲಿಸಿದ. ಪಾತ್ರೆ ಮತ್ತೆ ತುಂಬಿತು, ಮತ್ತೆ ಸೀಮೆಎಣ್ಣೆ, ಮತ್ತೆ ಬೂಟು. ಮತ್ತೂ ನಗು ಬರಲಿಲ್ಲ. ನೆಲದ ಮೇಲೆ ಬಿದ್ದ ಮಾಂಸವನ್ನು ಪೊರಕೆಯಲ್ಲಿ ಗುಡಿಸಿ ಒಯ್ದರು. ನಲವತ್ತು ಜನರ ಕಣ್ಣು ಆ ಪೊರಕೆಯ ಹಿಂದೆಯೇ ಹೋಯಿತು.

ಧ್ವನಿ ಹಿಡಿಯುವ ಯಂತ್ರದವನು ಇಣುಕಿ, ಇವಳ ನಗುವಿಗೆ ಯಾಕೆ ಕಾಯುತ್ತೀರಿ, ಆಮೇಲೆ ಬೇರೆ ಯಾರ ಕೈಲಾದರೂ ನಗಿಸಿ ಸೇರಿಸಬಹುದು, ಹಲ್ಲು ಕಂಡರೆ ಸಾಕು ಎಂದು ಸಲಹೆ ಕೊಟ್ಟ. ಲೂಮಿಸ್‌ಗೆ ಹೌದೆನ್ನಿಸಿತು. ಅವನು ಬಂದು ಡೆಲ್ಫಾಳ ಮುಂದೆ ಕುಕ್ಕರಗಾಲಲ್ಲಿ ಕೂತ. ತನ್ನ ಎರಡು ಬೆರಳನ್ನು ಅವಳ ಬಾಯಿಯ ಎರಡು ಮೂಲೆಗೆ ಹಾಕಿ, ಮೇಲಕ್ಕೆ ಎಳೆದ.

“ಹೀಗೆ. ಹಿಂಗೇ ಹಲ್ಲು ಕಿರ್ಕೊಂಡು ಕೂತ್ಕೋ. ಅಷ್ಟು ಸಾಕು.”

ಬೆರಳಿಗೆ ಸಿಗಾರಿನ ರುಚಿಯಿತ್ತು. ಸಂತೆಯಲ್ಲಿ ದನದ ಹಲ್ಲು ನೋಡುವವನು ಕೂಡ ದನದ ಕುತ್ತಿಗೆ ಸವರಿ ನೋಡುತ್ತಾನೆ. ಐವಲೀ ಎರಡೂ ಕೈಯಲ್ಲಿ ತನ್ನ ಬಾಯಿ ಮುಚ್ಚಿಕೊಂಡಿದ್ದಳು. ಎಸ್ಕಿಲ್ ನೆಲ ನೋಡುತ್ತಿದ್ದ.

ಲೂಮಿಸ್ ಎದ್ದು ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡ. ಜಾಗಕ್ಕೆ ಮರಳುತ್ತ, ಎಲ್ಲರಿಗೂ ಇನ್ನೊಂದು ಮಾತು ಎಂದು ಕೈ ಎತ್ತಿದ.

“ಯಾರೂ ಕ್ಯಾಮರಾ ಕಡೆ ನೋಡ್ಬೇಡಿ. ಒಬ್ಬ ನೋಡಿದ್ರೂ ಇಡೀ ಶಾಟ್ ಹಾಳು. ಜನ ದುಡ್ಡು ಕೊಟ್ಟು ನಿಮ್ಮನ್ನ ನೋಡೋಕೆ ಬರ್ತಾರೆ. ನೀವು ಅವರನ್ನ ನೋಡ್ತಿದೀರಿ ಅಂತ ಅವರಿಗೆ ಅನ್ನಿಸ್ಬಾರದು.”

ಡೆಲ್ಫಾ ಅದನ್ನು ಕೇಳಿಸಿಕೊಂಡಳು. ಪೂರ್ತಿ ಕೇಳಿಸಿಕೊಂಡಳು.

ದೀಪಗಳು ಮತ್ತೆ ಹತ್ತಿದವು. ಪೊಲೀಸರು ನುಗ್ಗಿದರು. ಬೂಟು ಮೇಲೆದ್ದಿತು. ಅವಳು ಬಾಯಿ ಮುಚ್ಚಿದಳು. ಮುಖ ತಿರುಗಿಸಿದಳು. ದೀಪಗಳ ನಡುವೆ ಕಪ್ಪಗೆ ಹೊಳೆಯುತ್ತಿದ್ದ ಆ ಗಾಜಿನ ಕಣ್ಣನ್ನು ನೆಟ್ಟಗೆ ನೋಡಿದಳು. ಸಾರು ಮಡಿಲಿಗೆ ಬಿತ್ತು. ಒರೆಸಿಕೊಳ್ಳಲಿಲ್ಲ. ನೋಡುತ್ತಲೇ ಇದ್ದಳು. ಆ ಗಾಜಿನ ಆಚೆ ಮೆತ್ತನೆಯ ಕುರ್ಚಿಯಲ್ಲಿ ಜೋಳದ ಅರಳು ತಿನ್ನುತ್ತ ಕೂರುವವರನ್ನು ನೋಡಿದಳು. ಆಸ್ಪತ್ರೆಯ ಬಾಗಿಲಲ್ಲಿ ಕೇಳಿದವನನ್ನು ನೋಡಿದಳು. ಒದ್ದು ನಕ್ಕವನನ್ನು ನೋಡಿದಳು. ಅವನೂ ಸಿನಿಮಾಕ್ಕೆ ಹೋಗುತ್ತಾನೆ. ನೋಡಲಿ. ಈ ಮುಖ ನೋಡಲಿ.

“ಕ್ಯಾಮರಾ ನೋಡ್ಬೇಡ,” ಎಂದು ಲೂಮಿಸ್ ಕೂಗಿದ. “ಆ ಹೆಂಗಸಿಗೆ ಹೇಳ್ರೋ.”

ಎಸ್ಕಿಲ್ ತಲೆ ಎತ್ತಿದ. ಗಲ್ಲದ ಅಂಟುಗಡ್ಡವನ್ನು ಹಿಡಿದು ಎಳೆದ. ಚರ್ಮವೂ ಒಂದಿಷ್ಟು ಬಂತು. ಗಡ್ಡವನ್ನು ನೆಲಕ್ಕೆ ಹಾಕಿ, ಕ್ಯಾಮರಾ ನೋಡಿದ. ಐವಲೀ ಬಾಯಿಂದ ಕೈ ತೆಗೆದು ಕ್ಯಾಮರಾ ನೋಡಿದಳು. ಹಿಂದಿನ ಸಾಲು ನೋಡಿತು. ಅದರ ಹಿಂದಿನ ಸಾಲೂ ನೋಡಿತು. ಕ್ಲೆಲ್ ಇನ್ನೂ ನಗುತ್ತಿದ್ದ. ಜೊತೆಯ ನಗುಗಳೆಲ್ಲ ನಿಂತು ಅವನ ನಗು ಒಂಟಿಯಾಯಿತು. ತನ್ನ ನಗು ತನಗೇ ಕೇಳಿಸಿದಾಗ ಅವನ ಮುಖ ಬಿಳಿಚಿಕೊಂಡಿತು. ಆ ನಗುವನ್ನು ಅವನು ಮೊದಲೂ ಕೇಳಿದ್ದ, ಸರಕು ಯಾರ್ಡಿನ ಬಳಿ. ಬಾಯಿ ಮುಚ್ಚಿದ. ಮೆಲ್ಲಗೆ ಮುಖ ತಿರುಗಿಸಿ ಎಲ್ಲರೂ ನೋಡುವ ಕಡೆ ನೋಡಿದ.

ಗಜ್ಜರಿ ಹಿಡಿದು ಕುಣಿಯುತ್ತಿದ್ದ ಫ್ಯಾರೊ ಹೆಜ್ಜೆ ತಪ್ಪಿ ನಿಂತ. ಏನು ಮಾಡಬೇಕೆಂದು ತಿಳಿಯದೆ ಅವನೂ ಕ್ಯಾಮರಾವನ್ನೇ ನೋಡಿದ.

ಲೂಮಿಸ್ ಇನ್ನೊಂದು ಸಲ ತೆಗೆಸಿದ. ನೋಡಿದರು. ಬೈದ. ನೋಡಿದರು. ಡಬ್ಬಿಗಳನ್ನು ಅವರ ಕಣ್ಣೆದುರೇ ಒಂದೊಂದಾಗಿ ಹೊರಗೆ ಹೊರಿಸಿದ. ಡಬ್ಬಿ ಹೋಗುವಾಗ ಅವರ ಹೊಟ್ಟೆ ಕೂಗಿದ್ದು ಧ್ವನಿ ಯಂತ್ರಕ್ಕೂ ಕೇಳಿಸಿರಬೇಕು. ಆದರೂ ಯಾರೂ ಕದಲಲಿಲ್ಲ. ಕೊನೆಗೆ ಅವನು ಒಂದು ಡಬ್ಬಿಯನ್ನು ಮಾತ್ರ ಕೈಯಲ್ಲಿ ಹಿಡಿದು ಕ್ಲೆಲ್‌ನ ಹತ್ತಿರ ಬಂದ. ಇವನೊಬ್ಬ ಮೆತ್ತಗಿನವನು ಎಂದು ಮೊದಲೇ ಗುರುತು ಹಾಕಿಕೊಂಡಿದ್ದ. ಮುಚ್ಚಳ ತೆಗೆದು ತೋರಿಸಿದ. ಹಂದಿಮಾಂಸವಿಟ್ಟ ಎರಡು ದಪ್ಪ ಬ್ರೆಡ್ಡು, ಒಂದು ಕಿತ್ತಳೆ.

“ನಿಂಗೆ ಮಕ್ಕಳಿದಾರಂತಲ್ಲ. ಅವಳ ಜಾಗದಲ್ಲಿ ನೀನು ಕೂತು ನಗು. ಇದು ನಿಂದು. ಇವರಿಗೆ ಬೇಡ ಅಂದ್ರೆ ಬೇಡ.”

ಕ್ಲೆಲ್ ಡಬ್ಬಿ ನೋಡಿದ. ಬಹಳ ಹೊತ್ತು ನೋಡಿದ. ಐವಲೀ ಅವನ ಕಡೆ ತಿರುಗಲಿಲ್ಲ. ತಿರುಗಿದರೆ ಅವನು ಡಬ್ಬಿ ತೆಗೆದುಕೊಳ್ಳುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಡೆಲ್ಫಾಳಿಗೂ ಗೊತ್ತಿತ್ತು. ತೆಗೆದುಕೊಂಡರೆ ಅವನನ್ನು ತಾನು ಬೈಯುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು.

ಕ್ಲೆಲ್ ಎದ್ದು ಬಂದ. ಡೆಲ್ಫಾಳ ಪಕ್ಕ, ಚೆಲ್ಲಿದ ಸಾರಿನಲ್ಲೇ ಕೂತ. ಅವಳು ಒದ್ದೆ ಲಂಗ ಸರಿಸಿ ಜಾಗ ಕೊಟ್ಟಳು. ಬೆಳಿಗ್ಗೆಯಿಂದ ಸರ್ ಸರ್ ಎನ್ನುತ್ತಿದ್ದ ಬಾಯಿಂದಲೇ ಅವನು ಲೂಮಿಸ್‌ಗೆ ಹೇಳಿದ:

“ನನ್ ಮಕ್ಕಳಿಗೆ ಏನ್ ಹೇಳ್ಬೇಕೋ ನಾನು ಹೇಳ್ಕೋತೀನಿ. ನೀನು ಒದಿಸು.”

ಲೂಮಿಸ್ ಡಬ್ಬಿ ಹಿಡಿದುಕೊಂಡೇ ನಿಂತಿದ್ದ. ಪಾತ್ರೆ ಮತ್ತೆ ತುಂಬಿತು. ಪೊಲೀಸ್ ವೇಷದವನು ಒದೆಯಲು ಬಂದ, ಕಾಲು ಎತ್ತಿದ, ಎತ್ತಿದ ಕಾಲನ್ನು ಹಾಗೇ ಕೆಳಗಿಟ್ಟ. ಕ್ಯಾಮರಾ ತಿರುಗುತ್ತಲೇ ಇತ್ತು. ನಲವತ್ತು ಜನ ಅದರ ಕಡೆಗೇ ಮುಖಮಾಡಿ, ರೆಪ್ಪೆ ಬಡಿಯದೆ ಕೂತಿದ್ದರು.